ಹತ್ತು ಎಣಿಸುವವರೆಗೆ

ಮೂಗಿಗೆ ಹಾಕುವ ಕ್ಲಿಪ್ಪನ್ನು ಬೆರಳಲ್ಲಿ ಹಿಡಿದು ನೋಡಿ
ಬೆಟ್ಟಸ್ವಾಮಿ ಅಂದ,
ನಮ್ಮನೇಲಿ ಇದ್ರಲ್ಲಿ ಬಟ್ಟೆ ಒಣಗಾಕ್ತರೆ ಮೇಡಮ್ಮೋರೆ.

ಫೈಲಿನಲ್ಲಿ: ವಯಸ್ಸು ನಲವತ್ತೊಂದು. ಬೀಡಿ ಇಲ್ಲ. ಸಕ್ಕರೆ ಕಾಯಿಲೆ ಇಲ್ಲ.
ಆಲೆಮನೆಯ ಹೊಗೆ ಇಲ್ಲ. ಪಾರಿವಾಳ ಸಾಕಿಲ್ಲ.
ಕಫ ಮೂರು ಸಲ ನೋಡಿದರೂ ಕ್ಷಯ ಇಲ್ಲ.
ಇಷ್ಟೊಂದು ಇಲ್ಲಗಳ ಕೆಳಗೆ
ಡಾಕ್ಟರ್ ಕುಶಾಲಪ್ಪನವರ ಕೈಬರಹ, ಒಂದೇ ಸಾಲು:
ಹಳೆಯ ವೈರಸ್ಸು, ರಕ್ತದಲ್ಲಿ ಈಗಲೂ.

ಕೆಲಸ: ಸೌಡಿ.
ಮೈಸೂರಲ್ಲೇ ಹುಟ್ಟಿ ಬೆಳೆದ ನನಗೆ ಆ ಪದ ಗೊತ್ತಿರಲಿಲ್ಲ.
ನಾಲೆ ನೀರು ಬಿಡೋನು ಕಣವ್ವ, ಅಂದ.
ಹುಲಿಕೆರೆ ಸುರಂಗ ದಾಟಿ ಬಂದ ನೀರು
ಯಾರ ಗದ್ದೆಗೆ ಎಷ್ಟೊತ್ತು, ಯಾವ ತೂಬು ಎಷ್ಟು ಎತ್ತಬೇಕು.
ಕಟ್ಟು ನೀರಿನ ರಾತ್ರಿ ಏರಿ ಮೇಲೆ
ಹನ್ನೆರಡು ಮೈಲಿ ನಡೆಯುತ್ತಿದ್ದವನು
ಈಗ ಮೂರನೇ ತೂಬಿಗೇ ಕೂತುಬಿಡುತ್ತಾನೆ.

ಊದಿ, ಅಂದೆ. ಊದಿ ಊದಿ ಊದಿ, ಬಿಡಬೇಡಿ, ಇನ್ನೂ ಇನ್ನೂ.
ದಿನಕ್ಕೆ ನಲವತ್ತು ಸಲ ಹೀಗೆ ಕೂಗುತ್ತೇನೆ.
ಪರದೆಯ ಮೇಲೆ ಗೆರೆ ಏರಿತು, ಬಾಗಿತು,
ಪುಸ್ತಕದಲ್ಲಿ ಬರೆದ ಹಾಗೆ.
ಚೆನ್ನಾಗಿದೆ, ಅಂದುಬಿಟ್ಟೆ.
ಅನ್ನಬಾರದಿತ್ತು.

ಎರಡನೆಯ ಪರೀಕ್ಷೆ ಬೇರೆ.
ಒಂದಿಷ್ಟು ಅನಿಲ ಎಳೆದುಕೊಂಡು
ಹತ್ತು ಎಣಿಸುವವರೆಗೆ ಒಳಗೇ ಹಿಡಿಯಬೇಕು.
ಎಷ್ಟು ಊದಿದ ಅನ್ನುವುದಲ್ಲ,
ಗಾಳಿಯಿಂದ ರಕ್ತಕ್ಕೆ ಎಷ್ಟು ದಾಟಿತು ಅನ್ನುವುದು ಲೆಕ್ಕ.
ಅವರ ಜೊತೆ ನಾನೂ ಉಸಿರು ಹಿಡಿಯುತ್ತೇನೆ,
ಕೆಲಸಕ್ಕೆ ಸೇರಿದಾಗಿನ ಚಾಳಿ.
ಒಂದು. ಎರಡು.
ಕಿಟಕಿಯಾಚೆ ಯಾರದೋ ಆಟೋ ಸ್ಟಾರ್ಟ್ ಆಗಲೊಲ್ಲದು.
ಆರು. ಏಳು.
ಅವನ ಕತ್ತಿನ ನರ ಬಾವಿ ಹಗ್ಗ.
ಹತ್ತು. ಬಿಡಿ.

ದಾಟಿದ್ದು ನೂರಕ್ಕೆ ನಲವತ್ತಾರು.

ಹೇಳುವುದು ನನ್ನ ಕೆಲಸವಲ್ಲ, ಡಾಕ್ಟರು ಹೇಳುತ್ತಾರೆ.
ಅವನು ಪರದೆ ನೋಡಿದ, ನನ್ನ ಮುಖ ನೋಡಿದ,
ಆಮೇಲೆ ತಾನೇ ಶುರುಮಾಡಿದ:

ಇಪ್ಪತ್ತೊಂದು ವರ್ಸದಲ್ಲಿ ಒಂದು ಜ್ವರ ಬಂದಿತ್ತು ಕಣವ್ವ.
ಗಂಟ್ಲು ಉರಿ, ಕತ್ತಲ್ಲೆಲ್ಲ ಗಂಟು.
ಹದಿನೈದು ದಿನ ಮಲಗಿದ್ದು ಎದ್ದೆ, ಗದ್ದೆಗೋದೆ, ಮರ್ತೆ.
ಅದು ನನ್ನ ಮರ್ತಿಲ್ವಂತೆ.
ನಮ್ ಕಡೆ ಜೌಗು ಅಂತೀವಿ, ಕೇಳಿದ್ದೀಯ?
ನಾಲೆ ಪಕ್ಕದ ಭೂಮಿ. ಮೇಲೆ ಏನೂ ಕಾಣಾಕಿಲ್ಲ,
ಪೈರು ಹಸ್ರಾಗೇ ಇರ್ತದೆ.
ತಳದಲ್ಲಿ ನೀರು ವರ್ಸಕ್ಕೊಂದು ಬೆರಳು ಮೇಲಕ್ಕೆ, ಮೇಲಕ್ಕೆ.
ಒಂದಿನ ಬೇರು ಉಸಿರಾಡಕಾಗ್ದೆ ಕೂತ್ಬುಡ್ತದೆ.
ನೋಡಿದೋರು ಅಂತಾರೆ,
ಅಲ್ಲಾ, ಇವನ ಗದ್ದೆಗೆ ನೀರು ಕಮ್ಮಿಯಾಗಿತ್ತಾ?

ಅವನ ಸ್ಕ್ಯಾನು ಬೆಳಕಿನ ಪೆಟ್ಟಿಗೆಯ ಮೇಲೆ ಇತ್ತು.
ಎರಡು ಶ್ವಾಸಕೋಶದ ಬುಡದಲ್ಲೂ
ಬಚ್ಚಲುಮನೆ ಕಿಟಕಿಗೆ ಹಾಕುವಂಥ ಮಬ್ಬು ಗಾಜು.
ಬೆನ್ನಿಗೆ ಸ್ಟೆತೊಸ್ಕೋಪು ಇಟ್ಟ ಕುಶಾಲಪ್ಪನವರು
ನನಗೂ ಒಮ್ಮೆ ಕೇಳಿಸಿದ್ದರು:
ಸ್ಕೂಲಿಂದ ಬಂದ ಮಗು ಶೂ ಪಟ್ಟಿ
ಮೆಲ್ಲಗೆ ಕಿತ್ತು ಬಿಚ್ಚುವ ಸದ್ದು.

ಜೌಗಿಗೆ ಏನು ಮಾಡ್ತೀರಿ? ಕೇಳಿದೆ.
ಬಸಿಗಾಲುವೆ ತೋಡ್ತೀವಿ. ಒಂದೊಂದ್ಸಲ ಭೂಮಿ ಹಿಂದಕ್ ಬತ್ತದೆ.
ಒಂದೊಂದ್ಸಲ ಆಪು ಬೆಳೀತದೆ, ಅಷ್ಟೆ.

ಮಾತ್ರೆಯ ಚೀಟಿ ಮಡಿಸಿ ಜೇಬಿಗಿಟ್ಟುಕೊಂಡವನು
ಬಾಗಿಲಲ್ಲಿ ನಿಂತ:
ಮುಂದಿನ ಕಟ್ಟು ಯಾವತ್ತು ಮೇಡಮ್ಮೋರೆ?
ಮೂರು ತಿಂಗಳಿಗೆ, ಅಂದೆ. ತಾರೀಕು ಬರೆದುಕೊಟ್ಟೆ.

ಮಂಡಿ ಮೊಹಲ್ಲಾದ ನಮ್ಮ ಗಲ್ಲಿಗೆ
ಎರಡು ದಿನಕ್ಕೊಮ್ಮೆ, ಬೆಳಗಿನ ಜಾವ ನಾಲ್ಕಕ್ಕೆ ನೀರು.
ಇವತ್ತು ಎದ್ದು ನಲ್ಲಿಯ ಕೆಳಗೆ ಕೊಡ ಇಟ್ಟೆ.
ಮೊದಲು ಗಾಳಿ ಬಂತು, ಕೆಮ್ಮಿ ಕೆಮ್ಮಿ.
ಎಲ್ಲೋ ಕತ್ತಲಲ್ಲಿ ಯಾವನೋ ಒಬ್ಬ
ವಾಲ್ವು ತಿರುಗಿಸಿ, ಚಪ್ಪಲಿ ಎಳೆಯುತ್ತಾ
ಮುಂದಿನ ಬೀದಿಗೆ ಹೋಗುತ್ತಿರಬೇಕು.
ಕೊಡದ ಬಾಯಿ ನೋಡುತ್ತಾ
ನಾನು ಎಣಿಸುತ್ತಿದ್ದೆ.
ಏಳು. ಎಂಟು.